ಘಾಟು ಬರದ ಮೆಣಸಿನಕಾಯಿ

ಶಿರವಾಳದ ಅಗಸಿ ಓಣಿಯಲ್ಲಿ ಬಾಲಮ್ಮನ ಮನೆಗೂ ಗುರುದೇವಿಯ ಮನೆಗೂ ನಡುವೆ ಒಂದೇ ಗೋಡೆ. ಗಟ್ಟಿ ಕಲ್ಲಿನ ಗೋಡೆ. ಅದನ್ನು ದಾಟಬೇಕಾದರೆ ಬೆಕ್ಕು ಕೂಡ ಎರಡು ಸಲ ಯೋಚನೆ ಮಾಡುತ್ತದೆ. ಹೊಟ್ಟೆಕಿಚ್ಚು ಮಾತ್ರ ದಿನಕ್ಕೆ ನಾಲ್ಕು ಸಲ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಟಿಕೆಟ್ ಇಲ್ಲದೆ ಓಡಾಡುತ್ತಿತ್ತು.

ಬಾಲಮ್ಮನದು ಕುರಿ ಸಾಕಿದ ಮನೆ. ಗುರುದೇವಿಯದು ಕಿರಾಣಿ ಅಂಗಡಿಯ ಮನೆ. ಬಾಲಮ್ಮ ಬಾಗಿಲಿಗೆ ಹಸಿರು ಬಣ್ಣ ಬಳಿಸಿದರೆ ವಾರದೊಳಗೆ ಗುರುದೇವಿಯ ಬಾಗಿಲು ನೀಲಿಯಾಗುತ್ತಿತ್ತು. ಗುರುದೇವಿ ಮಿಕ್ಸರ್ ತಂದಾಗ ಬಾಲಮ್ಮನೂ ತಂದಳು. ಅರೆಯಲು ಏನೂ ಇಲ್ಲದ ದಿನ ಖಾಲಿ ಮಿಕ್ಸರನ್ನೇ ತಿರುಗಿಸಿ ಗೋಡೆಯಾಚೆಗೆ ಸದ್ದು ಕಳಿಸಿದಳು.

ಇಂಥ ಇಬ್ಬರ ಸೊಸೆಯರೂ ಒಂದೇ ಕಾಲಕ್ಕೆ ಬಸುರಾದರು. ಗುರುದೇವಿಯ ಸೊಸೆ ಸೌಭಾಗ್ಯ ಮೊದಲು, ಹದಿನೈದು ದಿನ ಬಿಟ್ಟು ಬಾಲಮ್ಮನ ಸೊಸೆ ಪವಿತ್ರಾ.

"ಹದಿನೈದು ದಿನ ಮುಂದ ಹೋಗ್ಯಾಳ ನೋಡು ಆಕಿ," ಎಂದು ಬಾಲಮ್ಮ ಮಗ ಹಣಮೇಶನ ಮುಂದೆ ಹಲ್ಲು ಕಡಿದಳು.

"ಯವ್ವಾ, ಇದೇನು ಸುರಪುರ ಬಸ್ಸೇನು, ಹಿಂದ ಹಾಕಾಕ?" ಎಂದ ಹಣಮೇಶ.

ಇಬ್ಬರಿಗೂ ಏಳು ತಿಂಗಳು ಹತ್ತಿರವಾದಾಗ 2021ರ ಶ್ರಾವಣ. ಕೊರೊನಾದ ಎರಡನೇ ಅಲೆ ಇಳಿದಿತ್ತು. ಅಲೆಯ ಜೊತೆ ಜನರ ಮಾಸ್ಕೂ ಇಳಿದಿತ್ತು: ಮೂಗಿನಿಂದ ಗದ್ದಕ್ಕೆ, ಗದ್ದದಿಂದ ಕಿಸೆಗೆ.

ಏಳು ತಿಂಗಳಾದಾಗ ಕುಬಸ ಮಾಡುವುದು ನಮ್ಮ ಕಡೆಯ ಪದ್ಧತಿ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುತ್ತಾರೆ. ಆಮೇಲೆ ಬಂದ ಮುತ್ತೈದೆಯರೆಲ್ಲ ಒಂದೇ ತಾಟಿನಿಂದ ಒಂದೊಂದು ತುತ್ತು ಎತ್ತಿ ಆಕೆಯ ಬಾಯಿಗೆ ಇಡುತ್ತಾರೆ. ಗುರುದೇವಿ ಸೊಸೆಯ ಕುಬಸವನ್ನು ಅಂಗಳದ ಬೇವಿನ ಮರದ ಕೆಳಗೆ ಮಾಡಿದಳು. ಬಂದವರು ಐದೇ ಮಂದಿ. ಐವರ ಮುಖಕ್ಕೂ ಮಾಸ್ಕು. ಉಡಿ ತುಂಬಿದರು, ಆರತಿ ಎತ್ತಿದರು, ದೂರ ಸರಿದು ಕೂತರು. ಸೌಭಾಗ್ಯ ತನ್ನ ತಾಟಿನಲ್ಲಿ ತಾನೇ ಉಂಡಳು.

ಬಾಲಮ್ಮ ಬೀಸುವ ಕಲ್ಲಿನ ಮೇಲೆ ಹತ್ತಿ ಗೋಡೆಯಾಚೆ ಇಣುಕಿ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಐವರಲ್ಲಿ ತಾನಿಲ್ಲ! ಅಲ್ಲಿಂದ ಹೊತ್ತಿಕೊಂಡಿತು ನೋಡಿ. ಪವಿತ್ರಾಳ ಹೊಟ್ಟೆಯಲ್ಲಿ ಕೂಸು ಬೆಳೆಯುತ್ತಿತ್ತು, ಬಾಲಮ್ಮನ ಹೊಟ್ಟೆಯಲ್ಲಿ ಕಿಚ್ಚು. ಕೂಸಿಗೆ ಇನ್ನೂ ಏಳು ತಿಂಗಳು ತುಂಬಿರಲಿಲ್ಲ. ಕಿಚ್ಚಿಗೆ ಇಪ್ಪತ್ತು ವರ್ಷ.

ಮರುದಿನ ಆಶಾ ಕಾರ್ಯಕರ್ತೆ ಹಬೀಬಾ ಬಂದು ಕಟ್ಟೆಯ ಮೇಲೆ ಕೂತಳು. ಪವಿತ್ರಾಳ ತಪಾಸಣೆ ಬರೆದಿಡುವ 'ತಾಯಿ ಕಾರ್ಡು' ತರಿಸಿ ನೋಡಿದಳು, ಕಬ್ಬಿಣದ ಗುಳಿಗೆ ಕೊಟ್ಟಳು.

"ಬಾಲಮ್ಮಕ್ಕಾ, ಗುರುವಾರ ಶಾಲ್ಯಾಗ ಕೊರೊನಾ ಲಸಿಕಿ ಹಾಕ್ತಾರ್ರಿ. ಪವಿತ್ರಾನ್ನ ಕರಕೊಂಡು ಬರ್ರಿ. ಈಗ ಬಸರೇರಿಗೂ ಹಾಕಾಕತ್ತಾರ. ಯಾವ ತಿಂಗಳಾಗಿದ್ರೂ ನಡೀತದ."

"ಆಚಿ ಮನಿಯಾಕಿ ಹಾಕಿಸ್ಕೊಂಡಾಳೇನು?"

"ಸೌಭಾಗ್ಯ ಆಗಲೇ ಹಾಕಿಸ್ಕೊಂಡಾಳ್ರಿ. ಒಂದಿನ ರಟ್ಟಿ ನೋವಾತು, ಜರಾ ಮೈ ಬೆಚ್ಚಗಾತು, ಮುಗೀತು."

"ಹಂಗಾರ ನಮ್ಮಾಕಿಗಿ ಬ್ಯಾಡ! ಆಕಿ ಹಾಕಿಸ್ಕೊಂಡ ಮ್ಯಾಲ ನಮ್ಮಾಕಿ ಹಾಕಿಸ್ಕೊಂಡ್ರ, ನನ್ನ ನೋಡಿ ಕಲತ್ರು ಅಂತಾಳ ಗುರುದೇವಿ."

ಹಬೀಬಾ ನಕ್ಕಳು. ಆಮೇಲೆ ನಗು ಬಿಟ್ಟು ಹೇಳಿದಳು. "ಅಕ್ಕಾ, ಕೊರೊನಾ ಬಂದ ಬಸರೇರಿಗೆಲ್ಲಾ ಜೋರಾಗ್ತದಂತಲ್ಲ. ಭಾಳ ಮಂದಿ ಮನ್ಯಾಗೇ ಆರಾಮಾಗ್ತಾರ. ಆದ್ರ ಬ್ಯಾರೆ ಹೆಣ್ಮಕ್ಕಳಿಗಿಂತ ಬಸರೇರಿಗಿ ಅದು ಜೋರಾಗೋ ಅಂಜಿಕಿ ಹೆಚ್ಚು. ಕೂಸು ಬೆಳದಂಗ ಹೊಟ್ಟಿ ಮ್ಯಾಲ ಒತ್ತತದ, ಉಸಿರಿಗಿ ಜಾಗ ಸಣ್ಣದಾಗ್ತದ. ಟಂಟಂ ಗಾಡ್ಯಾಗ ಹನ್ನೆರಡು ಮಂದಿ ಕುಂತಾಗ ಮತ್ತೊಬ್ಬ ಚೀಲ ಹೊತ್ಕೊಂಡು ಹತ್ತಿದ್ರ ಹ್ಯಾಂಗಿರ್ತದ, ಹಂಗ. ಕೂಸು ದಿನಾ ತುಂಬೂಕಿಂತ ಮೊದಲ ಹುಟ್ಟೋದೂ ಆಗ್ತದ."

"ಸೂಜಿ ಹಾಕಿದ್ರ ಕೂಸಿಗಿ ಏನಾರ ಆತಂದ್ರ?"

"ಡಾಕ್ಟರ್ರು ನೋಡೇ ಹೇಳ್ಯಾರ್ರಿ. ನಿಮಗ ಫಿಕರ್ ಇದ್ರ ಅವರನ್ನೇ ಕೇಳೂಣು, ನಾನೂ ಬರ್ತೀನಿ."

"ಮೊದಲ ಕುಬಸ ಆಗಲಿ," ಎಂದು ಬಾಲಮ್ಮ ಸೆರಗು ಕೊಡವಿ ಎದ್ದಳು. "ಆಕಿ ಐದು ಮಂದಿ ಕರದಾಳ. ನಾ ಐದರ ಮುಂದ ಸೊನ್ನಿ ಹಚ್ಚಿ ಕರೀತೀನಿ. ಊರು ನೋಡಬೇಕು!"

"ಅಕ್ಕಾ, ಮಂದಿ ಕಡಿಮಿ ಮಾಡ್ರಿ. ಬಯಲಾಗ ಮಾಡ್ರಿ. ಜ್ವರ, ಕೆಮ್ಮು ಇದ್ದವರನ್ನ ಕರೀಬ್ಯಾಡ್ರಿ. ಎಲ್ಲಾರೂ ತುತ್ತು ಇಡೂದಂತೂ ಬ್ಯಾಡೇ ಬ್ಯಾಡ."

"ಗುರುದೇವಿ ಹೇಳಿ ಕಳಿಸ್ಯಾಳೇನು ನಿನ್ನ?"

ಹಬೀಬಾ ಚೀಲ ಹೆಗಲಿಗೇರಿಸಿಕೊಂಡಳು. ಒಳಗೆ ಪವಿತ್ರಾ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಆಕೆಗೂ ಒಂದು ಸಣ್ಣ ಕಿಚ್ಚಿತ್ತು: ಸೌಭಾಗ್ಯಳಿಗೆ ಲಸಿಕೆ ಸಿಕ್ಕಿತು, ತನಗೆ ಸೊನ್ನೆ ಸಿಕ್ಕಿತು.

ಕುಬಸದ ದಿನ ಮಳೆ ಹಿಡಿಯಿತು. ಅಂಗಳ ಕೆಸರಾಯಿತು. ಐವತ್ತು ಮಂದಿ ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತರು. ಇರಚಲು ಬರುತ್ತದೆಂದು ಕಿಟಕಿ ಮುಚ್ಚಿದರು. ಮಾಸ್ಕು ಹಾಕಿದವರು ಇಬ್ಬರು. ಅವರೂ ಫೋಟೋ ತೆಗೆಯುವಾಗ ತೆಗೆದರು.

ಗುರುದೇವಿಯೂ ಬಂದಳು. ಮೂಗು ಬಾಯಿ ಮುಚ್ಚಿಕೊಂಡು ಹೊಸ್ತಿಲ ಆಚೆಗೇ ನಿಂತಳು. ಕುಬಸ ಹೊಲಿಸುವ ಕಣ, ಬಳೆ, ಕೊಬ್ಬರಿ ಬಟ್ಟಲು ಅಲ್ಲೇ ಇಟ್ಟಳು.

"ಒಳಗ ಬಾ ಬೇ. ಹೊರಗ ಯಾಕ ನಿಂತಿ?" ಎಂದಳು ಬಾಲಮ್ಮ, ಐವತ್ತು ಮಂದಿಗೂ ಕೇಳುವಂತೆ.

"ಬ್ಯಾಡ ಬೇ. ನಮ್ಮ ಮನ್ಯಾಗೂ ಎರಡು ಜೀವದಾಕಿ ಅದಾಳ." ಪವಿತ್ರಾಳನ್ನೇ ಒಂದು ಗಳಿಗೆ ನೋಡಿದಳು. "ಚಲೋ ಕಾಣಾಕತ್ತೀ ತಂಗಿ," ಅಂದು ಹೊರಟೇಹೋದಳು.

ಆ ಒಂದು ಗಳಿಗೆಯನ್ನು ಬಾಲಮ್ಮ ಮನಸ್ಸಿನಲ್ಲಿ ಗಂಟು ಕಟ್ಟಿ ಇಟ್ಟುಕೊಂಡಳು.

ಮೊದಲ ತುತ್ತಿನ ಮಾನ ಬಾಲಮ್ಮನ ತಂಗಿ ಮಾಳಮ್ಮನಿಗೆ. ಸುರಪುರದಿಂದ ತೊಯಿಸಿಕೊಂಡು ಬಂದಿದ್ದಳು. ಕಣ್ಣು ಕೆಂಪಗಿದ್ದವು, ದನಿ ಒಡೆದಿತ್ತು.

"ಯಾಕ ಬೇ, ಆರಾಮ ಇಲ್ಲೇನು?"

"ಮಳ್ಯಾಗ ಬಂದೀನಿ ಅಕ್ಕಾ, ಅದಕ್ಕ," ಎಂದ ಮಾಳಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಹೋಳಿಗೆ ಮುರಿದು ಪವಿತ್ರಾಳ ಬಾಯಿಗೆ ಇಟ್ಟಳು. ಆ ತಾಟಿನಿಂದಲೇ ಉಳಿದ ನಲವತ್ತೊಂಬತ್ತು ತುತ್ತುಗಳೂ ಹೋದವು. ಓಣಿಯಲ್ಲಿ ಎರಡು ದಿನ ಅದೇ ಮಾತು. ಬಾಲಮ್ಮನ ಕಿಚ್ಚು ತಣ್ಣಗಾಯಿತು.

ನಾಲ್ಕನೆಯ ದಿನಕ್ಕೆ ಪವಿತ್ರಾಳ ಮೈ ಬಿಸಿಯಾಯಿತು.

ಮೊದಲು ಗಂಟಲು ಕೆರೆತ. ಆಮೇಲೆ ಜ್ವರ, ಕೆಮ್ಮು, ಮೈಕೈ ನೋವು. ಮೂರು ದಿನ ಕಷಾಯ ಆಯಿತು. ಹಣಮೇಶ "ದವಾಖಾನಿಗಿ ಹೋಗೂಣು" ಅಂದ. ಬಾಲಮ್ಮ ಬಿಡಲಿಲ್ಲ. "ಇದು ದವಾಖಾನಿ ಬ್ಯಾನಿ ಅಲ್ಲ. ಹೊಸ್ತಲ ಹೊರಗ ನಿಂತು ನೋಡಿದ್ಲಲ್ಲ, ಆ ಕಣ್ಣಿನ ಬ್ಯಾನಿ. ದೃಷ್ಟಿ ತಾಗೇದ!"

ಮುಂಜಾನೆ ಒಲೆಯಲ್ಲಿ ಕೆಂಡ ಮಾಡಿದಳು. ಮುಷ್ಟಿ ತುಂಬ ಉಪ್ಪು, ಏಳು ಒಣ ಮೆಣಸಿನಕಾಯಿ ಹಿಡಿದು ಸೊಸೆಗೆ ನಿವಾಳಿಸಿದಳು.

"ನಾಯಿ ಕಣ್ಣು, ನರಿ ಕಣ್ಣು, ಹೋದವರ ಕಣ್ಣು, ಬಂದವರ ಕಣ್ಣು, ಗ್ವಾಡಿ ಆಚಿನ ಕಣ್ಣು, ಎಲ್ಲಾ ಸುಟ್ಟು ಹೋಗಲಿ!"

ಕೆಂಡಕ್ಕೆ ಹಾಕಿದಳು. ನಮ್ಮ ಕಡೆಯ ಹಳೆಯ ಲೆಕ್ಕ ನಿಮಗೆ ಗೊತ್ತೇ ಇದೆ: ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲವೆಂದರೆ ದೃಷ್ಟಿ ತಾಗಿದ್ದು ಖರೆ.

"ಘಾಟು ಬಂತೇನು ಪವಿತ್ರಾ?"

"ಕಣ್ಣು ಉರಿಯಾಕತ್ತಾವತ್ತಿ. ವಾಸನಿ ಮಾತ್ರ ಬರವಲ್ದು."

"ಕೇಳಿದ್ಯೇನೋ ಹಣಮ್ಯಾ! ಘಾಟು ಇಲ್ಲಂತ!" ಬಾಲಮ್ಮ ಕೆಮ್ಮಿದಳು. "ಘಾಟೇ ಇಲ್ಲ!" ಮತ್ತೆ ಕೆಮ್ಮಿದಳು. "ಗುರುದೇವಿದೇ ಕಣ್ಣು! ಜರಾನೂ ಘಾಟಿಲ್ಲ!" ಕೆಮ್ಮಿ ಕೆಮ್ಮಿ ಕಣ್ಣೀರು ಇಳಿಯಿತು. ಹಣಮೇಶ ಮೂಗು ಹಿಡಿದುಕೊಂಡು ಓಣಿಗೆ ಓಡಿದ. ಹಿತ್ತಲಲ್ಲಿ ಕಟ್ಟಿದ್ದ ಆಡು ಮರಿ ಸಮೇತ ಸೀನಿತು. ಗೋಡೆಯಾಚೆ ಗುರುದೇವಿಯ ಮನೆಯಲ್ಲೂ ಕೆಮ್ಮು ಶುರುವಾಯಿತು.

ಅದೇ ಹೊತ್ತಿಗೆ ಹಬೀಬಾ ಬಂದಳು. ಮಾಸ್ಕಿನೊಳಗೇ ಕೆಮ್ಮುತ್ತ ಕೆಂಡಕ್ಕೆ ನೀರು ಸುರಿದಳು, ಕಿಟಕಿ ತೆಗೆದಳು, ಪವಿತ್ರಾಳನ್ನು ಅಂಗಳಕ್ಕೆ ಕರೆತಂದು ಕೂರಿಸಿದಳು.

"ಬಸರಿ ಮುಂದ ಇಷ್ಟು ಹೊಗಿ ಹಾಕ್ತಾರೇನ್ರಿ ಅಕ್ಕಾ? ಏನಾತು?"

"ದೃಷ್ಟಿ ಆಗೇದ. ಮೆಣಸಿನಕಾಯಿ ಘಾಟು ಬರಲಿಲ್ಲ ನೋಡು."

"ಘಾಟು ಬರಲಿಲ್ಲ? ಓಣಿ ತುಂಬ ಮಂದಿ ಕೆಮ್ಮಾಕತ್ತೀವಿ, ಆಡು ಸೀನಾಕತ್ತೇದ! ಎಲ್ಲಾರಿಗೂ ಬಂದ ಘಾಟು ಸೊಸಿಗಿ ಒಬ್ಬಾಕಿಗೇ ಬರಲಿಲ್ಲಂದ್ರ ಕೆಟ್ಟಿದ್ದು ಮೆಣಸಿನಕಾಯಿ ಅಲ್ರಿ, ಆಕಿ ಮೂಗು. ಕೊರೊನಾದಾಗ ಎಷ್ಟೋ ಮಂದಿಗಿ ವಾಸನಿ ಹೋಗ್ತದ."

ಬಾಲಮ್ಮ ಬಾಯಿ ತೆರೆದಳು. ಮಾತಿನ ಬದಲು ಕೆಮ್ಮೇ ಬಂತು.

ಹೊಗೆ ಇಳಿಯುವವರೆಗೆ ಕಾದು ಹಬೀಬಾ ರಕ್ತದ ಆಮ್ಲಜನಕ ನೋಡಲು ಬೆರಳಿಗೆ ಹಾಕುವ ಯಂತ್ರ ತೆಗೆದಳು. ಒಂದು ಸಲ ನೋಡಿದಳು. ಒರೆಸಿ, ಬೇರೆ ಬೆರಳಿಗೆ ಹಾಕಿ ಮತ್ತೊಮ್ಮೆ ನೋಡಿದಳು. ತೊಂಬತ್ತಮೂರು.

"ಇದು ತೊಂಬತ್ತೈದರ ಕೆಳಗ ಇಳೀಬಾರ್ದು. ಪವಿತ್ರಾ, ಮ್ಯಾಲುಸಿರು ಬರ್ತದೇನವಾ?"

ಪವಿತ್ರಾ ಹೂಂ ಅಂದಳು.

"ಕೂಸು ಹೊರಳಾಡಾಕತ್ತೇದ?"

ಪವಿತ್ರಾ ಅತ್ತೆಯ ಕಡೆ ನೋಡಿದಳು, ನೆಲ ನೋಡಿದಳು. "ನಿನ್ನಿ ಸಂಜಿಂದ ಕಡಿಮಿ ಆಗೇದಕ್ಕಾ. ಹೇಳಿದ್ರ ಮತ್ತ ದೃಷ್ಟಿ ಅಂತ ಜಗಳ ಆಗ್ತದಂತ ಸುಮ್ಮನಿದ್ದೆ."

ಆ ಮಾತು ಮೆಣಸಿನಕಾಯಿಗಿಂತ ಖಾರವಾಗಿತ್ತು. ಬಾಲಮ್ಮ ಸೊಸೆಯ ತಾಯಿ ಕಾರ್ಡು ತರಲು ಒಳಗೆ ಓಡಿದಳು. ಹಬೀಬಾ ಆಗಲೇ 108ಕ್ಕೆ ಫೋನ್ ಹಚ್ಚಿದ್ದಳು.

ಶಹಾಪುರದ ದವಾಖಾನೆಯಲ್ಲಿ ಪರೀಕ್ಷೆ ಮಾಡಿದರು. ಕೊರೊನಾ. ಮೂಗಿಗೆ ಆಮ್ಲಜನಕ ಹಚ್ಚಿದರು, ಕೂಸಿನ ಎದೆಬಡಿತ ನೋಡಿದರು. ಹಣಮೇಶನಿಗೆ ಸೋಂಕು ಇರಲಿಲ್ಲ, ಹೊರಗೆ ಕಾಯುತ್ತ ಉಳಿದ. ಬಾಲಮ್ಮನಿಗೂ ಸೋಂಕು ತಾಗಿತ್ತು, ಆದರೆ ಹಗುರ. ಮನೆಯಲ್ಲಿ ಒಬ್ಬಳೇ ಬೇರೆ ಇರಬೇಕೆಂದರು. ಆಕೆಯ ಗಂಡ ಕುರಿ ಹಿಂಡಿನ ಜೊತೆ ವಡಗೇರಾ ಕಡೆ ಇದ್ದ.

ಅಂದೇ ಸುರಪುರದಿಂದ ಮಾಳಮ್ಮನ ಫೋನ್ ಬಂತು. ಅಳುತ್ತಿದ್ದಳು. "ಅಕ್ಕಾ, ನನಗೂ ಅದೇ ಬಂದದಂತ. ಕುಬಸಕ್ಕ ಬರೂಕಿಂತ ಎರಡು ದಿನ ಮೊದಲ ಜ್ವರ ಇತ್ತು. ಗುಳಗಿ ನುಂಗಿ ಬಂದೆ."

"ಜ್ವರ ಇದ್ರ ಯಾಕ ಬಂದಿ ಬೇ, ಮೂಳಿ!"

"ಬರದಿದ್ರ ನೀ ಏನಂತಿದ್ದಿ? ನನ್ನ ಸಂಭ್ರಮ ನೋಡಲಾರದ ತಂಗಿ ಹೊಟ್ಟಿ ಉರಕೊಂಡು ಮನ್ಯಾಗ ಕುಂತ್ಲು ಅಂತಿದ್ದಿ."

ಬಾಲಮ್ಮ ಫೋನ್ ಕೆಳಗಿಟ್ಟಳು. ಹಾಗೆ ಅನ್ನುತ್ತಿದ್ದಳು. ಖಂಡಿತ ಅನ್ನುತ್ತಿದ್ದಳು. ಎರಡು ಸಲ ಅನ್ನುತ್ತಿದ್ದಳು.

ಮಧ್ಯಾಹ್ನ ಗೋಡೆಯ ಮೇಲೆ ಟಣ್ ಅಂತ ಸದ್ದಾಯಿತು. ಒಂದು ಬೋಗುಣಿಯಲ್ಲಿ ಬಿಸಿ ಗಂಜಿ, ಮೇಲೆ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ. ಅಷ್ಟು ದೂರದಲ್ಲಿ ಮಾಸ್ಕು ಹಾಕಿದ ಗುರುದೇವಿ.

"ಉಣ್ಣು. ಬೋಗುಣಿ ಅಲ್ಲೇ ಇರಲಿ, ನಾ ಆಮ್ಯಾಲ ತಗೋತೀನಿ."

ಮೊದಲ ದಿನ ಬಾಲಮ್ಮ ಮುಟ್ಟಲಿಲ್ಲ. ಎರಡನೆಯ ದಿನ ರೊಟ್ಟಿ ಮುಟ್ಟಿದಳು. ಮೂರನೆಯ ದಿನ ಗಂಜಿ ಕುಡಿಯುತ್ತ ತಡೆಯಲಾರದೆ ಕೇಳಿಬಿಟ್ಟಳು.

"ಗುರುದೇವಿ, ಖರೇ ಹೇಳು. ಅವತ್ತ ನಮ್ಮ ಪವಿತ್ರಾನ್ನ ನೋಡಿ ನಿನಗ ಹೊಟ್ಟಿಕಿಚ್ಚು ಆಗಿತ್ತೋ ಇಲ್ಲೋ?"

"ಆಗಿತ್ತು."

"ನೋಡು, ನಾ ಅಂದಿದ್ನಿಲ್ಲ!"

"ನಿನ್ನ ಇಳಕಲ್ ಸೀರಿ ನೋಡಿ ಆಗಿತ್ತು ಬೇ. ಅಂಥಾ ಸೆರಗು ನಂದೊಂದಕ್ಕೂ ಇಲ್ಲ. ಕೂಸಿನ ಮ್ಯಾಲ ಯಾರಿಗಿ ಹೊಟ್ಟಿಕಿಚ್ಚು ಆಗ್ತದ? ಆಕಿ ಮುಖ ನೋಡಿದ್ದು, ಇಷ್ಟು ಮಂದಿ ನಡು ಕುಂತಾಳಲ್ಲಾ ಅಂತ ಜೀವ ಝಲ್ ಅಂದಿತ್ತು, ಅದಕ್ಕ." ಮಾಸ್ಕು ಸರಿಪಡಿಸಿಕೊಂಡಳು. "ಕುಬಸಕ್ಕ ನಿನ್ನ ಕರೀಬೇಕಂತ ಭಾಳ ಇತ್ತು. ಐದರ ಮ್ಯಾಲ ಬ್ಯಾಡ ಅಂದಿದ್ಲು ಹಬೀಬಾ. ನಿನ್ನ ಕರದ್ರ ನನ್ನ ನಾದಿನಿನ್ನ ಬಿಡಬೇಕಿತ್ತು. ಆಕಿ ನಿನಗಿಂತ ಜೋರು ಜಗಳಗಂಟಿ."

ಬಾಲಮ್ಮನಿಗೆ ನಗು ಬಂತು. ನಗುವಿನ ಹಿಂದೆ ಅಳು ಬಂತು. ಗೋಡೆಯ ಈ ಕಡೆ ಒಬ್ಬಳು, ಆ ಕಡೆ ಒಬ್ಬಳು, ಇಬ್ಬರೂ ಸೆರಗು ಕಣ್ಣಿಗೆ ಹಚ್ಚಿಕೊಂಡರು.

ಒಂಬತ್ತನೆಯ ದಿನ ಪವಿತ್ರಾ ತನ್ನ ಕಾಲಿನಿಂದ ನಡೆದು ಮನೆಗೆ ಬಂದಳು. ಡಾಕ್ಟರು ಹಣಮೇಶನಿಗೆ ಹೇಳಿ ಕಳಿಸಿದ್ದರು: ತಪಾಸಣೆ ಒಂದೂ ತಪ್ಪಿಸಬೇಡಿ, ಕೂಸಿನ ಹೊರಳಾಟದ ಮೇಲೆ ನಿಗಾ ಇಡಿ, ಮನಸ್ಸಿಗೆ ಬಂದ ಗುಳಿಗೆ ನುಂಗಬೇಡಿ. ಪವಿತ್ರಾಳಿಗೆ ಲಸಿಕೆ ಯಾವಾಗ ಎಂಬುದನ್ನೂ ಹೆರಿಗೆಯ ನಂತರ ನಾವೇ ಹೇಳುತ್ತೇವೆ ಎಂದಿದ್ದರು.

ದಿನ ತುಂಬಲು ಮೂರು ವಾರ ಇರುವಾಗಲೇ ಹೆರಿಗೆಯಾಯಿತು. ಹೆಣ್ಣುಕೂಸು. ತೂಕ ಸ್ವಲ್ಪ ಕಡಿಮೆ, ದನಿ ಮಾತ್ರ ಥೇಟ್ ಅಜ್ಜಿಯದು. ಬಾಲಮ್ಮ ಆಗಲೇ ಹುಷಾರಾಗಿದ್ದಳು. ತನಗೆ ಲಸಿಕೆ ಯಾವಾಗ ಎಂದು ಹಬೀಬಾಳನ್ನು ದಿನಕ್ಕೊಮ್ಮೆ ಕೇಳುತ್ತಿದ್ದಳು. ಸೋಂಕು ಕಳೆದು ಮೂರು ತಿಂಗಳ ಅವಧಿ ತುಂಬಿದ ದಿನ ಶಾಲೆಯ ಬಾಗಿಲು ತೆಗೆಯುವ ಮೊದಲೇ ಸಾಲಿನಲ್ಲಿ ನಿಂತಳು.

"ಗುರುದೇವಿ ಬಂದಾಳೇನು?" ಎಂದು ನರ್ಸನ್ನು ಕೇಳಿದಳು.

"ಅವರದು ಎರಡನೇ ಡೋಸೂ ಆಗೇದಲ್ರಿ."

"ಆಕೀನೇ ಮುಂದ!" ಎಂದು ಬಾಲಮ್ಮ ತೋಳು ಚಾಚಿದಳು. ರೋಗ ಹೋದರೂ ಗುಣ ಹೋಗುವುದಿಲ್ಲ.

ತೊಟ್ಟಿಲ ದಿನಕ್ಕೆ ಐದೇ ಮಂದಿಯನ್ನು ಕರೆದಳು. ಮೊದಲ ಹೆಸರು ಗುರುದೇವಿಯದು. ಅಂಗಳದಲ್ಲಿ ತೊಟ್ಟಿಲು ಕಟ್ಟಿ, ಕೈ ತೊಳೆಯಲು ಸಾಬೂನು ನೀರು ಇಟ್ಟು ಕಾದರು. ನಾಲ್ವರು ಬಂದರು. ಐದನೆಯವಳಿಲ್ಲ. ಓಣಿಯ ಕಣ್ಣೆಲ್ಲ ನೀಲಿ ಬಾಗಿಲಿನ ಮೇಲೆ.

"ಹೊಟ್ಟಿಕಿಚ್ಚಿಗಿ ಬರಲಿಲ್ಲೇನೋ," ಎಂದಳು ಒಬ್ಬಳು ಮೆಲ್ಲಗೆ.

ಆಗ ಗೋಡೆಯಾಚೆಯಿಂದ ಒಂದು ಸೀನು ಕೇಳಿಸಿತು. ಆಮೇಲೆ ಮಾಸ್ಕು ಹಾಕಿದ ಮುಖ ದೂರದಲ್ಲಿ ಕಾಣಿಸಿತು.

"ಬಾಲಮ್ಮಾ, ನಿನ್ನಿ ಮುಂಜಾನಿಂದ ನೆಗಡಿ ಆಗೇದ ಬೇ. ಏನು ನೆಗಡಿನೋ ಏನೋ, ಪರೀಕ್ಷಾ ಮಾಡಿಸಾಕ ಹೊಂಟೀನಿ. ನಮ್ಮ ಬಾಣಂತಿ ಹತ್ರಾನೂ ಹೋಗಿಲ್ಲ, ನಿಮ್ಮ ಕೂಸಿನ ಹತ್ರಾನೂ ಬರಲ್ಲ. ಸಿಟ್ಟಾಗಬ್ಯಾಡ."

ಬಾಲಮ್ಮ ಬೀಸುವ ಕಲ್ಲಿನ ಮೇಲೆ ಹತ್ತಿ ನಿಂತಳು. ಅದೇ ಕಲ್ಲು. ಅವತ್ತು ಎಣಿಸಲು ಹತ್ತಿದ್ದು, ಇವತ್ತು ಕೂಗಲು. ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಐವತ್ತು ಮಂದಿ ಬಂದು ಕೊಟ್ಟ ಉಡುಗೊರಿಗಿಂತ, ನೀ ಒಬ್ಬಾಕಿ ಬರದೇ ಕೊಟ್ಟ ಉಡುಗೊರಿ ದೊಡ್ಡದು ಬೇ! ಜೋಗುಳ ಅಲ್ಲಿಂದನ ಹಾಡು!"

ಗುರುದೇವಿ ಅಲ್ಲಿಂದಲೇ ಹಾಡಿದಳು, ಕಟ್ಟಿದ ಮೂಗಿನಲ್ಲಿ. ತೊಟ್ಟಿಲು ಇಲ್ಲಿ ತೂಗಿತು. ಕೂಸು ಮಲಗಿತು.

ಅಕ್ಕಂದಿರೇ, ಅತ್ತೆಯಂದಿರೇ, ಬಸುರಿಯರ ಗಂಡಂದಿರೇ. ಕೊರೊನಾ ಈಗ ಆಗಿನಷ್ಟು ಸುದ್ದಿ ಮಾಡುವುದಿಲ್ಲ, ಆದರೆ ಊರು ಬಿಟ್ಟೂ ಹೋಗಿಲ್ಲ. ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಆಕೆಯ ಸುತ್ತ ಗದ್ದಲ ಕಡಿಮೆ ಮಾಡಿ, ಗಾಳಿ ಬೆಳಕು ಹೆಚ್ಚು ಮಾಡಿ. ಕೈ ಸಾಬೂನಿನಿಂದ ತೊಳೆಯಿರಿ. ಮಂದಿ ಸೇರಿದಲ್ಲಿ, ದವಾಖಾನೆಯಲ್ಲಿ ಆಕೆಗೆ ಮಾಸ್ಕು ಇರಲಿ. ಲಸಿಕೆಯ ಬಗ್ಗೆ ಇವತ್ತಿನ ಸಲಹೆ ಏನೆಂದು ಪಕ್ಕದ ಮನೆಯನ್ನಲ್ಲ, ನಿಮ್ಮ ಆಶಾ ಅಕ್ಕನನ್ನೋ ಡಾಕ್ಟರನ್ನೋ ಕೇಳಿ. ಜ್ವರ, ಕೆಮ್ಮು ಬಂದರೆ ಮುಚ್ಚಿಡದೆ ಪರೀಕ್ಷೆ ಮಾಡಿಸಿ. ಮೇಲುಸಿರು, ಎದೆನೋವು, ಇಳಿಯದ ಜ್ವರ, ರಕ್ತಸ್ರಾವ, ಕೂಸಿನ ಹೊರಳಾಟ ಕಡಿಮೆ ಆಗುವುದು: ಇದರಲ್ಲಿ ಒಂದು ಕಂಡರೂ ಮೆಣಸಿನಕಾಯಿ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ. ಹೆತ್ತ ಮೇಲೆ ತಾಯಿಗೆ ಸೋಂಕಿದ್ದರೂ ಎದೆಹಾಲು ಬಿಡಿಸಬೇಡಿ. ಮಾಸ್ಕು ಹಾಕಿ, ಕೈ ತೊಳೆದು ಕುಡಿಸಲಿ.

ನಿಮಗೇ ನೆಗಡಿ ಕೆಮ್ಮು ಇದ್ದರೆ ಕುಬಸಕ್ಕೆ ಹೋಗಬೇಡಿ. ಬರಲಿಲ್ಲವೆಂದು ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ. ಹೊಟ್ಟೆಕಿಚ್ಚಿನ ಹೆಸರು ನಿಮಗೆ ಬಂದರೂ ಚಿಂತೆಯಿಲ್ಲ, ಹೊಟ್ಟೆಯಲ್ಲಿರುವ ಕೂಸು ತಣ್ಣಗಿರಲಿ.